ಇಟಾಲಿಯನ್ ಊಟಕ್ಕೆ ಹೋಗುವ ಸಸ್ಯಾಹಾರಿಗಳು ಕೇಳಬೇಕಾದದ್ದು

ಪ್ರಶ್ನೆ: ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗಳು, ನಮ್ಮ ವಿವಾಹ ವಾರ್ಷಿಕೋತ್ಸವಕ್ಕೆಂದು ಅಲ್ಲಿನ ದುಬಾರಿ ಇಟಾಲಿಯನ್ ರೆಸ್ಟೋರೆಂಟೊಂದರಲ್ಲಿ ಟೇಬಲ್ ಕಾದಿರಿಸಿದ್ದಾಳೆ. ನಾವು ಮೊಟ್ಟೆಯನ್ನೂ ತಿನ್ನದವರು. ಅಲ್ಲಿ ಏನನ್ನು ಆರಿಸಬೇಕು, ಏನನ್ನು ವಿಚಾರಿಸಬೇಕು? ಸರ್ವಿಸ್ ಚಾರ್ಜ್ ಕೊಡಲೇಬೇಕೇ?
– ಕಾಫಿ ಬೆಳೆಗಾರರೊಬ್ಬರು, ಚಿಕ್ಕಮಗಳೂರು

ಉತ್ತರ: ಮೊದಲು ನಿಮ್ಮ ಮಗಳು ರೆಸ್ಟೋರೆಂಟಿಗೆ ಫೋನ್ ಮಾಡಿ, ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲದೆ ಪ್ರಾಣಿಜನ್ಯ ರೆನೆಟ್ (ಚೀಸ್ ಮಾಡಲು ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವ) ಮತ್ತು ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ, ತಿನಿಸನ್ನು ಗಟ್ಟಿಯಾಗಿಸುವ ಪದಾರ್ಥ) ಕೂಡ ನಿಮಗೆ ಆಗುವುದಿಲ್ಲವೆಂದು ತಿಳಿಸಲಿ. ಮುಂಚಿತವಾಗಿ ಹೇಳಿದರೆ ಬದಲಿ ವ್ಯವಸ್ಥೆ ಮಾಡಿಕೊಳ್ಳಲು ಅಡುಗೆಯವರಿಗೆ ಸಮಯ ಸಿಗುತ್ತದೆ. ಇಂಥದ್ದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಒಳ್ಳೆಯ ಅಡುಗೆಮನೆ ಇದಕ್ಕೆ ಸ್ಪಷ್ಟವಾಗಿ ಉತ್ತರಿಸಲೇಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಚೀಸ್ ವಿಷಯದಲ್ಲಿ. ಪಾಸ್ತಾದ ಮೇಲೆ ತುರಿದು ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಕನಿಷ್ಠ 12 ತಿಂಗಳು ಮಾಗಿಸಿದ ಚೀಸ್. ಅದರ ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ಪಡೆದ ರೆನೆಟ್ ಅನ್ನೇ ಬಳಸಬೇಕೆಂಬುದು ಅದರ ತಯಾರಿಕೆಯ ನಿಯಮ. ಪೆಕೊರಿನೊ ರೊಮಾನೊ ಚೀಸಿಗೆ ಕುರಿಮರಿಯ ರೆನೆಟ್ ಬೇಕು. ಬೇಸಿಲ್ ಎಲೆಯನ್ನು ರುಬ್ಬಿ ಮಾಡುವ ಪೆಸ್ಟೊ ನೋಡಲು ನಮ್ಮ ಸೊಪ್ಪಿನ ಚಟ್ನಿಯಂತಿದ್ದರೂ ಅದರೊಳಗೆ ಇದೇ ಚೀಸ್ ಸೇರಿರುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಚೀಸಿಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಬಳಸುವುದರಿಂದ, ಬದಲಿಗೆ ಅದನ್ನು ಹಾಕಿಕೊಡಲು ಸಾಧ್ಯವೇ ಎಂದು ಕೇಳಿ.

ಅಕ್ಕಿಯ ರಿಸೊಟ್ಟೊವನ್ನು ಹೆಚ್ಚಾಗಿ ಕೋಳಿ ಅಥವಾ ದನದ ಮಾಂಸ ಬೇಯಿಸಿದ ಸಾರಿನಲ್ಲಿ ಬೇಯಿಸುವ ವಾಡಿಕೆಯಿದೆ. ತರಕಾರಿಯ ಸಾರು ಬಳಸುತ್ತಾರೆಯೇ ಎಂದು ವಿಚಾರಿಸಿ. ತಾಜಾ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಬೀಳುವುದೇ ಹೆಚ್ಚು, ಆದರೆ ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ ಒಣ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿದ ಅರ್ರಾಬ್ಯಾಟಾ ಸಾಸ್‌ನ ಪೆನ್ನೆಯನ್ನು (ಕೊಳವೆಯಾಕಾರದ ಪಾಸ್ತಾ) ಚೀಸ್ ಇಲ್ಲದೆ ತರಿಸಿಕೊಳ್ಳಿ. ಖಾರ ಬಲ್ಲ ಮಲೆನಾಡಿನವರಿಗೆ ಅದು ಖಂಡಿತ ಹಿಡಿಸುತ್ತದೆ. ಪಾಸ್ತಾ ಹಲ್ಲಿಗೆ ತುಸು ಗಟ್ಟಿಯಾಗಿ ಸಿಕ್ಕರೆ ಬೆಂದಿಲ್ಲವೆಂದುಕೊಳ್ಳಬೇಡಿ, ಅಲ್ಲಿ ಅದೇ ಸರಿಯಾದ ಹದ.

ಆಂಟಿಪಾಸ್ಟೊ (ಆರಂಭದ ತಿನಿಸು), ಪ್ರಿಮೊ (ಪಾಸ್ತಾ, ರಿಸೊಟ್ಟೊದಂಥ ಮೊದಲ ಬಡಿಕೆ), ಸೆಕೊಂಡೊ (ಎರಡನೆಯ, ಮುಖ್ಯ ಬಡಿಕೆ) ಎಂಬ ಕ್ರಮದಲ್ಲಿ ಊಟ ಸಾಗುತ್ತದೆಯಾದರೂ ಎಲ್ಲವನ್ನೂ ತರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಸೆಕೊಂಡೊದಲ್ಲಿ ಮಾಂಸ, ಮೀನುಗಳದೇ ಪ್ರಾಬಲ್ಯವಿರುವುದರಿಂದ ಅದನ್ನು ಬಿಡಬಹುದು. ಸಿಹಿಯಲ್ಲಿ ತಿರಮಿಸುವಿಗೆ ಹಸಿ ಮೊಟ್ಟೆ, ಪನ್ನಾ ಕೋಟಾಕ್ಕೆ ಜೆಲಟಿನ್ ಹಾಕುತ್ತಾರೆ. ಕೊನೆಯಲ್ಲಿ ಎಸ್ಪ್ರೆಸೊ ಕುಡಿಯುವಾಗ ಬೀಜ ಎಲ್ಲಿಯದೆಂದು ಕೇಳಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ, ಅಲ್ಲಿನ ಎಸ್ಪ್ರೆಸೊ ಮಿಶ್ರಣಗಳಿಗೆ ನಮ್ಮ ರೊಬಸ್ಟಾ ಸೇರುತ್ತದೆ.

ಸರ್ವಿಸ್ ಚಾರ್ಜ್ ಕೊಡುವುದು ನಿಮ್ಮ ಇಚ್ಛೆಗೆ ಬಿಟ್ಟದ್ದು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಕಂಡರೆ ತೆಗೆಯಲು ಹೇಳಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.