ಉಪ್ಪಾಗೆ ಕೊಯ್ಲಿಗೆ ಊರಿನ ರೂಲ್ಸು

ಪ್ರಶ್ನೆ: ಮಳೆಗಾಲ ಬಂತಂದ್ರೆ ನಮ್ಮ ಕಡೆ ಉಪ್ಪಾಗೆಗೆ (ಹುಳಿ ಸಿಪ್ಪೆ ಒಣಗ್ಸಿ ಮಾರೋ ಕಾಡುಹಣ್ಣು) ಪೈಪೋಟಿ ಸರ್, ಹಣ್ಣಾಗೋಕೂ ಬಿಡಲ್ಲ, ಕೊಂಬೆನೇ ಕಡಿದು ತರ್ತಾರೆ. ಪಂಚಾಯ್ತಿಲಿ ಜೀವವೈವಿಧ್ಯ ಸಮಿತಿ ಇದೆಯಂತೆ, ಅದ್ರಿಂದ ಏನಾದ್ರೂ ಆಗುತ್ತಾ?
– ಓದುಗರೊಬ್ಬರು, ಶಿರಸಿ ತಾಲೂಕು

ಉತ್ತರ: ಆಗುತ್ತೆ, ಆದ್ರೆ ಬೋರ್ಡಲ್ಲಿ ಹೆಸರು ಬರೆದು ಕೂತ್ರೆ ಆಗಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪಂಚಾಯ್ತಿಗೊಂದು ಸಮಿತಿ ಇರ್ಬೇಕು, ಅದು ಊರವರನ್ನ ಕೇಳ್ಕೊಂಡು ಜನತಾ ಜೀವವೈವಿಧ್ಯ ದಾಖಲಾತಿ, ಅಂದ್ರೆ ಊರಲ್ಲಿರೋ ಗಿಡಮರ, ಪ್ರಾಣಿ, ಅವುಗಳ ಬಳಕೆ ಎಲ್ಲಾ ಬರೆದಿಡೋ ಪುಸ್ತಕ ಮಾಡ್ಬೇಕು, ಮಾಡಿದ್ದು ಎಷ್ಟೋ ಸಲ ಬೀರು ಸೇರಿರುತ್ತೆ ಬಿಡಿ. ಅದನ್ನ ಗ್ರಾಮಸಭೇಲಿ ಓದ್ಸಿ, ಉಪ್ಪಾಗೆ ಮರ ಎಲ್ಲೆಲ್ಲಿದೆ ಅಂತ ಕೊಯ್ಯೋರ ಬಾಯಿಂದ್ಲೇ ಬರೆಸಿ, ಆಮೇಲೆ ಇಂಥ ದಿನದ ತನಕ ಯಾರೂ ಮರ ಹತ್ತಂಗಿಲ್ಲ ಅಂತ ಎಲ್ರೂ ಕೂತು ತೀರ್ಮಾನ ಮಾಡಿ. ನಾವು ಕಾದ್ರೆ ಪಕ್ಕದವ್ರು ಕೊಯ್ಕೊಂಡು ಹೋಗ್ತಾರೆ ಅನ್ನೋ ಭಯಕ್ಕೇ ಅಲ್ವಾ ಎಳೆಕಾಯಿ ಕೀಳೋದು? ಹಣ್ಣಾಗಿ ಬಿದ್ರೆ ಬೀಜದಿಂದ ತುಪ್ಪನೂ (ತುಪ್ಪದ ಥರದ ಗಟ್ಟಿ ಎಣ್ಣೆ) ಆಗುತ್ತೆ, ಒಂದಿಷ್ಟು ಸಸಿನೂ ಏಳುತ್ತೆ. ಇನ್ನೊಂದು, ಜಡಿಮಳೇಲಿ ಸಿಪ್ಪೆ ಒಣಗ್ಸೋಕೆ ಹಗಲೂರಾತ್ರಿ ಬೆಂಕಿ, ಸೌದೆ ಎಲ್ಲಾ ಅದೇ ಕಾಡಿಂದ, ಇದ್ರ ಸುದ್ದಿ ಮಾತ್ರ ಯಾರೂ ಎತ್ತಲ್ಲ. ನಾಲ್ಕೈದು ಮನೆ ಸೇರಿ ಸೌದೆ ಕಮ್ಮಿ ತಿನ್ನೋ ಡ್ರೈಯರ್ ಹಾಕ್ಕೊಳ್ಳೋದನ್ನೂ ಪ್ಲಾನಲ್ಲಿ ಸೇರ್ಸಿ. ಮೀಟಿಂಗ್‌ಗೆ ಫಾರೆಸ್ಟ್‌ನೋರ ಜೊತೆ ವ್ಯಾಪಾರಿನೂ ಕರೀರಿ, ಎಳೆಕಾಯಿ ಸಿಪ್ಪೆ ತಗೊಳಲ್ಲ ಅಂತ ಅವ್ರೇ ಹೇಳ್ಬಿಟ್ರೆ ಅರ್ಧ ಕೆಲಸ ಮುಗೀತು.