ತೋಟದ ಮನೆ ಕಂಪನಿಗೆ ಕೊಡಲೇ, ನಾನೇ ನಡೆಸಲೇ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು ಮೂರು ರೂಮಿನ ಹೋಮ್‌ಸ್ಟೇ. ಅಪ್ಪ ಶುರು ಮಾಡಿದ್ದು. ಅವರು ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ನಮ್ಮ ಜೊತೆ ಬಂದರು, ಎರಡು ವರ್ಷದಿಂದ ನಾನೇ ಫೋನಿನಲ್ಲಿ ನಡೆಸುತ್ತಿದ್ದೇನೆ. ಅಡುಗೆಗೆ, ಕ್ಲೀನಿಂಗ್‌ಗೆ ಗಂಡ ಹೆಂಡತಿ ಇದ್ದಾರೆ, ಇಬ್ಬರಿಗೂ ಸೇರಿ 25,000 ಸಂಬಳ. ರಾತ್ರಿ ಊಟ ಬಡಿಸಿ ಊರೊಳಗಿನ ತಮ್ಮ ಮನೆಗೆ ಹೋಗುತ್ತಾರೆ. ತಿಂಗಳಿಗೆ ಸುಮಾರು 60 ಜನ ಬರುತ್ತಾರೆ, ಒಂದು ರಾತ್ರಿಗೆ ಊಟ ತಿಂಡಿ ಸೇರಿ ತಲೆಗೆ 2,000 ರೂಪಾಯಿ. ಆಫೀಸ್ ಮೀಟಿಂಗ್ ನಡುವೆ ‘ಬಿಸಿನೀರು ಬರ್ತಿಲ್ಲ’ ಅಂತ ಫೋನು, ರಾತ್ರಿ ಹನ್ನೊಂದಕ್ಕೆ ‘ಕರೆಂಟ್ ಹೋಯ್ತು’ ಅಂತ ಫೋನು. ಸಾಕಾಗಿದೆ. ಒಂದು ಕಂಪನಿಯವರು 25 ಪರ್ಸೆಂಟ್‌ಗೆ ಎಲ್ಲ ನೋಡಿಕೊಳ್ಳುತ್ತೇವೆ ಅಂತಿದ್ದಾರೆ. ಕೊಡಲೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಆ 25 ಪರ್ಸೆಂಟ್ ಯಾವುದರ ಮೇಲೆ ಅಂತ ಕೇಳಿ. ಒಟ್ಟು ವಸೂಲಿನ ಮೇಲೋ, ಖರ್ಚು ಕಳೆದು ಉಳಿದಿದ್ದರ ಮೇಲೋ? ನಿಮ್ಮದೇ ಲೆಕ್ಕ ಹಾಕೋಣ. ತಿಂಗಳಿಗೆ 1,20,000 ಬರುತ್ತೆ. ಸಂಬಳ 25,000 ಹೋಯಿತು. ಊಟ ತಿಂಡಿಗೆ ತಲೆಗೆ 500 ಅಂತ ಹಿಡಿದರೂ 30,000. ಕರೆಂಟ್ ಬಿಲ್, ಜನರೇಟರ್ ಡೀಸೆಲ್, ಬೆಡ್‌ಶೀಟ್ ಒಗೆಸೋದು, ಸಣ್ಣಪುಟ್ಟ ರಿಪೇರಿ ಅಂತ 10,000 ಇಡಿ. ಉಳಿಯೋದು 55,000. ಒಟ್ಟು ವಸೂಲಿನ ಮೇಲೆ 25 ಪರ್ಸೆಂಟ್ ಅಂದರೆ 30,000. ಅಂದರೆ ನಿಮ್ಮ ಕೈಗೆ ಉಳಿಯೋ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅವರಿಗೆ! ಬುಕಿಂಗ್ ಸೈಟ್‌ಗಳ ಕಮಿಷನ್ ಇನ್ನೂ ಇದರಲ್ಲಿ ಸೇರಿಲ್ಲ.

ಇಷ್ಟು ಕೊಟ್ಟರೆ ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋದಾಗ ಅಲ್ಲಿ ಯಾರಿರುತ್ತಾರೆ? ನಿಮ್ಮ ಪತ್ರ ಓದಿದಾಗ ನನಗೆ ಮುಖ್ಯ ಅನ್ನಿಸಿದ್ದು ಇದೇ. ನಿಮ್ಮ ಕಷ್ಟ ಬುಕಿಂಗ್‌ನದಲ್ಲ, ರಾತ್ರಿ ಆ ಮನೆಯಲ್ಲಿ ನಮ್ಮವರು ಅಂತ ಯಾರೂ ಮಲಗುತ್ತಿಲ್ಲ ಅನ್ನೋದು.

ನಾನು ಇದನ್ನು ಅನುಭವಿಸಿ ಹೇಳುತ್ತಿದ್ದೇನೆ. ನಮ್ಮ ಮನೆಯನ್ನೂ ಒಂದು ವರ್ಷ ಇಂಥದ್ದೇ ಒಂದು ಕಂಪನಿಗೆ ಕೊಟ್ಟಿದ್ದೆವು. ಫೋಟೋ ಚೆನ್ನಾಗಿ ತೆಗೆಸಿದರು, ಬೇಸಿಗೆಯಲ್ಲಿ ಬುಕಿಂಗ್ ನಿಜವಾಗಲೂ ಜಾಸ್ತಿ ಆಯಿತು, ಅದನ್ನು ಅಲ್ಲಗಳೆಯಲ್ಲ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಯುಪಿಎಸ್ ನಿಂತುಹೋಯಿತು. ಕೈಕೂಸು ಇದ್ದ ಒಂದು ಕುಟುಂಬ ಉಳಿದುಕೊಂಡಿತ್ತು. ಕಂಪನಿಯ ಸಹಾಯವಾಣಿ ಇದ್ದದ್ದು ಬೆಂಗಳೂರಿನಲ್ಲಿ, ದೂರು ಬರೆದುಕೊಂಡರು, ಅಷ್ಟೇ. ಕೊನೆಗೆ ಪಕ್ಕದ ತೋಟದ ಕೆಲಸದವರ ಲೈನ್ ಮನೆಯಿಂದ ಒಬ್ಬರು ಮಳೆಯಲ್ಲೇ ಬಂದು, ಹಿಂದಿನ ಬಚ್ಚಲೊಲೆಗೆ ಸೌದೆ ಹಾಕಿ, ಹಂಡೆ ನೀರು ಕಾಯಿಸಿ ಕೊಟ್ಟರು. ಅವರಿಗೆ ನಾವು ಸಂಬಳ ಕೊಡುತ್ತಿರಲಿಲ್ಲ. ಆ ನೆನಪು ನನಗೆ ಇವತ್ತಿಗೂ ಚುಚ್ಚುತ್ತೆ.

ನಿಮ್ಮ ಕಡೆ ಆನೆ ಬೇರೆ. ಅರಣ್ಯ ಇಲಾಖೆಯವರು ಆನೆ ಎಲ್ಲಿದೆ ಅಂತ ಊರಿನವರ ಮೊಬೈಲಿಗೆ ಮೆಸೇಜ್ ಕಳಿಸುತ್ತಾರೆ, ಸರಿ, ಆದರೆ ಸಂಜೆ ತೋಟದೊಳಗೆ ವಾಕಿಂಗ್ ಹೊರಟ ಅತಿಥಿಗಳನ್ನು ‘ಇವತ್ತು ಬೇಡ’ ಅಂತ ತಡೆಯೋಕೆ ಅಲ್ಲಿ ಒಬ್ಬರು ಇರಬೇಕಲ್ವಾ?

ಹಾಗಾಗಿ ಕಂಪನಿಗೆ ಕೊಡೋ 30,000ದಲ್ಲಿ 10,000 ಆ ಗಂಡ ಹೆಂಡತಿಗೆ ಸಂಬಳ ಜಾಸ್ತಿ ಮಾಡಿ. ಹಿಂದುಗಡೆ ಒಂದು ರೂಮು, ಬಾತ್‌ರೂಮ್ ಸರಿ ಮಾಡಿಸಿ ಅಲ್ಲೇ ಇರಲು ಕೇಳಿ. ಅವರಿಗೆ ಮಕ್ಕಳಿದ್ದರೆ ಅವರಿಗೂ ಜಾಗ ಆಗಬೇಕು, ಸುಮ್ನೆ ಮೂಲೆಯಲ್ಲಿ ಮಂಚ ಹಾಕಿ ಕೊಡೋದಲ್ಲ. ಅವರ ಕೈಯಲ್ಲಿ 5,000 ಇರಲಿ, ಗೀಸರ್ ಕೆಟ್ಟರೆ ನಿಮ್ಮನ್ನು ಕೇಳದೆ ರಿಪೇರಿಯವರನ್ನು ಕರೆಸಲಿ. ಅತಿಥಿಗಳು ಗೇಟಿನೊಳಗೆ ಬಂದ ಮೇಲೆ ಅವರಿಗೆ ಸಿಗೋ ನಂಬರ್ ನಿಮ್ಮದಲ್ಲ, ಇವರದು. ನೀವು ಬುಕಿಂಗ್ ಮಾತ್ರ ನೋಡಿ, ಅದು ಸಂಜೆ ಅರ್ಧ ಗಂಟೆ ಕೆಲಸ. ಇಷ್ಟಾದರೂ ನಿಮಗೆ 45,000 ಉಳಿಯುತ್ತೆ, ಕಂಪನಿಗೆ ಕೊಟ್ಟರೆ 25,000.

ಅವರು ಅಲ್ಲಿರಲು ಒಪ್ಪದೆ, ಬೇರೆ ನಂಬಿಕೆಯವರೂ ಸಿಗದಿದ್ದರೆ ಕಂಪನಿಗೆ ಕೊಡಿ, ತಪ್ಪೇನಿಲ್ಲ. ಆದರೆ ಮೂರು ತಿಂಗಳ ಕರಾರು ಮಾಡಿ, ಅದರಲ್ಲಿ ಮಳೆಗಾಲ ಸೇರಿರಲಿ, ಏಪ್ರಿಲ್ ಮೇ ತಿಂಗಳಲ್ಲಿ ಯಾರು ಬೇಕಾದರೂ ರೂಮು ತುಂಬಿಸುತ್ತಾರೆ. ರಾತ್ರಿ ಮನೆಯಲ್ಲಿ ಯಾರು ಇರುತ್ತಾರೆ ಅನ್ನೋದು ಕರಾರಿನಲ್ಲೇ ಬರಲಿ. ಬುಕಿಂಗ್ ಸೈಟಿನ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಅವರ ಖಾತೆಯಲ್ಲಿ ಮನೆ ಹಾಕಿದರೆ, ನಾಳೆ ನೀವು ಬಿಟ್ಟು ಬಂದಾಗ ಅತಿಥಿಗಳು ಬರೆದ ಒಳ್ಳೆಯ ಮಾತೆಲ್ಲ ಅವರ ಹತ್ತಿರ ಉಳಿಯುತ್ತೆ. ಅಮ್ಮನಿಗೆ ಊರಿಗೆ ಹೋಗಬೇಕು ಅನ್ನಿಸಿದಾಗ ರೂಮು ಖಾಲಿ ಇದೆಯಾ ಅಂತ ಕಂಪನಿಯವರನ್ನು ಕೇಳೋ ಹಾಗೆ ಆಗಬಾರದು. ವರ್ಷಕ್ಕೆ ಇಷ್ಟು ದಿನ ನಮ್ಮದು ಅಂತ ಮೊದಲೇ ಬರೆಸಿ.

ಒಂದು ವಿಷಯ ನೀವು ಬರೆದಿಲ್ಲ. ನೋಂದಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆಯಾ? ಮಾಲೀಕರು ಇರೋ ಮನೆಯಲ್ಲಿ ಅತಿಥಿಗಳು ಉಳಿಯೋದೇ ಹೋಮ್‌ಸ್ಟೇ. ನೀವು ಈಗ ಅಲ್ಲಿಲ್ಲ. ಹಾಸನದ ಪ್ರವಾಸೋದ್ಯಮ ಇಲಾಖೆ ಕಚೇರಿಗೆ ಹೋಗಿ ಇರೋ ವಿಷಯ ಹೇಳಿ, ಹೆಸರು ಬದಲಾವಣೆ ಬಗ್ಗೆ ಕೇಳಿ, ಕಂಪನಿಯ ಮಾತು ಆಮೇಲೆ. ವಿದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಅದನ್ನು ಮಾಡೋರು ಯಾರು ಅಂತಲೂ ಈಗಲೇ ತೀರ್ಮಾನಿಸಿ.

ಪ್ರಶ್ನೆ: ಹೋಮ್‌ಸ್ಟೇಯಿಂದ ವರ್ಷಕ್ಕೆ 14 ಲಕ್ಷದ ಹತ್ತಿರ ವಸೂಲಾಗುತ್ತೆ. ಜಿಎಸ್‌ಟಿ ನೋಂದಣಿ ಬೇಕಾ?
— ಇನ್ನೊಬ್ಬ ಓದುಗರು, ಮೂಡಿಗೆರೆ

ಉತ್ತರ: ಸೇವೆಗಳಿಗೆ ಮಿತಿ ವರ್ಷಕ್ಕೆ 20 ಲಕ್ಷ, ಹಾಗಾಗಿ ಇದೊಂದೇ ಆದರೆ ಬೇಡ. ಆದರೆ ನಿಮ್ಮ ಪ್ಯಾನ್‌ನಲ್ಲಿ ಬೇರೆ ವ್ಯಾಪಾರ ಇದ್ದರೆ ಅದನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇನ್ನೊಂದು, ಲೆಕ್ಕಕ್ಕೆ ಬರೋದು ಅತಿಥಿಗಳು ಕೊಟ್ಟ ಪೂರ್ತಿ ದುಡ್ಡು, ಕಮಿಷನ್ ಮುರಿದು ನಿಮ್ಮ ಬ್ಯಾಂಕಿಗೆ ಬಂದದ್ದಲ್ಲ. ನಿಮ್ಮ 14 ಲಕ್ಷ ಯಾವುದು ಅಂತ ನೋಡಿಕೊಳ್ಳಿ. ನೀವು ನೋಂದಣಿ ಮಾಡಿಸದಿದ್ದರೂ ಸೈಟಿನ ಮೂಲಕ ಬರೋ ಬುಕಿಂಗ್‌ಗೆ ತೆರಿಗೆಯನ್ನು ಆ ಸೈಟಿನವರೇ ಕಟ್ಟಬೇಕು. ಆದಾಯ ತೆರಿಗೆ ಬೇರೆ, ಅದಕ್ಕೆ ಆಡಿಟರ್ ಹತ್ತಿರ ಹೋಗುವಾಗ ಒಂದು ವರ್ಷದ ಬುಕಿಂಗ್ ಪುಸ್ತಕ ತೆಗೆದುಕೊಂಡು ಹೋಗಿ.