ಪಾಪದವರು ಅಂದರೆ ಪಾಪ ಮಾಡಿದವರಲ್ಲ

ಕುಂಬಳೆಯ ಮದುವೆಮನೆಯಲ್ಲಿ ಯಾರೋ "ಅವರು ತೀರಾ ಪಾಪದವರು" ಅಂದರು, ಅವರು ಮಾಡಿದ ಪಾಪ ಏನು ಅಂತ ಕೇಳಿದ್ದೀರಿ. ಮೈಸೂರು ಕಡೆಯವರಿಗೆ ಹಾಗನ್ನಿಸುವುದು ಸಹಜ. ನಮ್ಮ ಕಾಸರಗೋಡಿನಲ್ಲಿ, ಆಚೆ ಪುತ್ತೂರು, ಮಂಗಳೂರು ಕಡೆಯಲ್ಲೂ, ಪಾಪದವರು ಅಂದರೆ ಬಡವರು. ಯಾರಿಗಾದರೂ ಕಷ್ಟ ಬಂದರೆ ನೀವೂ "ಅಯ್ಯೋ ಪಾಪ" ಅನ್ನುತ್ತೀರಲ್ವಾ? ಆ ಪಾಪವೇ ಇದು. ಮಲಯಾಳದಲ್ಲಿ "ಪಾವಂ" ಅನ್ನುವುದೂ ಹೀಗೇ, ಬಡವನಿಗೂ ಸಾಧುವಿಗೂ ಒಂದೇ ಮಾತು.

ಸಾಲ ಇರುವವರು, ಮಳೆಗೆ ಮಾಡು ಸೋರುವವರು ಪಾಪದವರು. "ತೀರಾ" ಸೇರಿದರೆ ಗಂಜಿಗೂ ಗತಿಯಿಲ್ಲದವರು ಅಂತ ಅರ್ಥ. ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೂ ಜನ ಇಲ್ಲದವರು.

ನಮ್ಮಮ್ಮ ಈ ಮಾತನ್ನು ಜಾಸ್ತಿ ಹೇಳುತ್ತಿದ್ದದ್ದು ಆಟಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟಿನ ಜಡಿಮಳೆಯಲ್ಲಿ. ಆಗ ಕೂಲಿ ಸಿಗುತ್ತಿರಲಿಲ್ಲ. ಕೆಮ್ಮಣ್ಣು ಹಚ್ಚಿ ಕಾಪಿಟ್ಟ ಹಲಸಿನ ಬೀಜ, ತಜಂಕ್ ಸೊಪ್ಪು, ಕೆಸುವಿನ ಎಲೆಯಲ್ಲೇ ಎಷ್ಟೋ ಮನೆಗಳ ದಿನ ಕಳೆಯುತ್ತಿತ್ತು. ನಮ್ಮ ತೋಟದಾಚೆ ಒಬ್ಬ ಅಜ್ಜಿ ಇದ್ದರು. ಅಮ್ಮ ಅವರನ್ನು ಸುಮ್ನೆ ಅಡಿಕೆ ಸುಲಿಯಲು ಕರೆಯುತ್ತಿದ್ದರು. ಸಂಜೆ ಹೋಗುವಾಗ ಎರಡು ಸೇರು ಕುಚ್ಚಲಕ್ಕಿಯನ್ನು ಅವರ ಸೆರಗಿಗೆ ಸುರಿದು ತಾವೇ ಗಂಟು ಹಾಕುತ್ತಿದ್ದರು. ಸುಲಿದ ಅಡಿಕೆ ಒಂದು ಬುಟ್ಟಿಯೂ ಆಗಿರುತ್ತಿರಲಿಲ್ಲ. ನಾನು ಕೇಳಿದರೆ ದನಿ ತಗ್ಗಿಸಿ, "ತೀರಾ ಪಾಪದವರು, ಬೇಡುವವರಲ್ಲ" ಅನ್ನುತ್ತಿದ್ದರು. ಈ ಮಾತನ್ನು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತುಳುವಿನಲ್ಲಿ "ಬಡವು" ಅಂದರೆ ಹಸಿವು. "ಎಂಕ್ ಬಡವಾಪುಂಡು" ಅಂದರೆ ನನಗೆ ಹಸಿವಾಗುತ್ತಿದೆ ಅಂತ. ಕನ್ನಡದ ಬಡತನವೂ ತುಳುವಿನ ಹಸಿವೂ ಹೀಗೆ ಒಂದೇ ಮಾತಿನಲ್ಲಿ ಕೂತಿವೆ.

ಈಗ "ಅತಿದರಿದ್ರರು" ಅನ್ನುವ ಸರಕಾರದ ಪದಕ್ಕೆ ಬರೋಣ, ಯಾಕೆಂದರೆ ನೀವು ಪೇಪರಿನಲ್ಲಿ ಓದಿದ್ದು ಅದನ್ನೇ. ಕೇರಳ ಸರಕಾರ 2021ರಲ್ಲಿ ಕಡುಬಡತನ ಹೋಗಲಾಡಿಸುವ ಒಂದು ಯೋಜನೆ ಶುರುಮಾಡಿತು. ಊಟ, ಆರೋಗ್ಯ, ಆದಾಯ, ಮನೆ ಈ ನಾಲ್ಕನ್ನು ನೋಡಿ, ಪಂಚಾಯತು ನಗರಸಭೆಗಳ ಮೂಲಕ ರಾಜ್ಯದಲ್ಲಿ 64,006 ಕುಟುಂಬಗಳನ್ನು ಪಟ್ಟಿ ಮಾಡಿದರು. ರೇಶನ್ ಕಾರ್ಡು, ಆಧಾರ್ ಯಾವುದೂ ಇಲ್ಲದವರೂ ಅದರಲ್ಲಿದ್ದರು. 2025ರ ನವೆಂಬರ್ 1ಕ್ಕೆ ಕೇರಳ ಕಡುಬಡತನದಿಂದ ಮುಕ್ತವಾಯಿತು ಅಂತ ಘೋಷಿಸಿದರು. ನಿಮಗೆ ಅದು ರಾಜ್ಯೋತ್ಸವ. ನಮಗೆ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ದಿನ. ಲೆಕ್ಕ ತೀರಾ ಕಡಿಮೆಯಾಯಿತು ಅಂತ ಹಲವರು ತಕರಾರು ತೆಗೆದರು. ಆ ತಕರಾರಿನಲ್ಲಿ ಹುರುಳಿದೆ ಅಂತಲೇ ನನಗನ್ನಿಸುತ್ತದೆ. ಆದರೂ ಹುಡುಕಿಕೊಂಡು ಹೋಗಿ ಕೇಳಿದರಲ್ಲ, ಅದು ದೊಡ್ಡದು.

ಪಟ್ಟಿಯಲ್ಲಿರುವವರಿಗೆ ಮಲಯಾಳದಲ್ಲಿ "ಅತಿದರಿದ್ರರ್" ಅನ್ನುತ್ತಾರೆ. ಅಲ್ಲಿ ಅದು ಬಳಕೆಯಲ್ಲಿರುವ ಕಚೇರಿ ಮಾತು. ಅದನ್ನೇ "ಅತಿದರಿದ್ರರು" ಅಂತ ಕನ್ನಡಕ್ಕೆ ತಂದರೆ ಕಿವಿಗೆ ಚುಚ್ಚುತ್ತದೆ. ನಮಗೆ ದರಿದ್ರ ಅಂದರೆ ಬೈಗುಳ. "ಮುಸ್ಸಂಜೆ ಮಲಗಬೇಡ, ಮನೆಗೆ ದರಿದ್ರ ಬರ್ತದೆ" ಅಂತ ಬೈಸಿಕೊಂಡೇ ಬೆಳೆದವರು ನಾವು. ದರಿದ್ರ ಅಂದರೆ ಅಪಶಕುನ, ಹೊರಗೆ ಹಾಕಬೇಕಾದ್ದು. ಕಡುಬಡವರು ಅನ್ನಬಹುದಿತ್ತು. ಗತಿ ಇಲ್ಲದವರು ಅನ್ನಬಹುದಿತ್ತು.

ನಮ್ಮ ನೆರೆಯ ಒಬ್ಬಾಕೆಗೆ ಈ ಯೋಜನೆಯ ಒಂದು ಕಾಗದ ಬಂತು. ಗಂಡ ಇಲ್ಲ, ಬೆನ್ನು ಬಗ್ಗಿಸಲಿಕ್ಕಾಗದೆ ಬೀಡಿ ಕಟ್ಟುವುದನ್ನೂ ಬಿಟ್ಟಿದ್ದರು. ಕಾಗದವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ನಾಲ್ಕು ಮಡಿಕೆ ಮಾಡಿ ತಂದಿದ್ದರು.

"ಏನು ಬರೆದಿದ್ದಾರೆ ಮಾಷ್ಟ್ರೇ?"

ಮೇಲಿನ ಸಾಲಿನಲ್ಲೇ ಆ ಪದ ಇತ್ತು. ಅದನ್ನು ಅವರೆದುರು ಓದಲಿಕ್ಕೆ ನನಗೆ ಬಾಯಿ ಬರಲಿಲ್ಲ.

"ತೀರಾ ಪಾಪದವರಿಗೆ ಕೊಡುವ ಸಹಾಯ ಅಂತ ಬರೆದಿದ್ದಾರೆ ಅಕ್ಕ. ಮದ್ದಿಗೆ, ಮನೆಗೆ."

"ಹೌದು, ಅದು ಸರಿ" ಅಂದರು. ಆಮೇಲೆ ಪೆನ್ನು ಕೇಳಿ ಪಡೆದು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಒಂದೊಂದೇ ಅಕ್ಷರವಾಗಿ ತಮ್ಮ ಹೆಸರನ್ನು ಕನ್ನಡದಲ್ಲಿ ಬರೆದರು.